ಲೂಯಿ ಪಾಶ್ಚರ್: ದ್ರಾಕ್ಷಿ ಬಳ್ಳಿಗೆ ಗಾಜಿನ ಮನೆ ಕಟ್ಟಿದ ವಿಜ್ಞಾನಿ

ಹಾಲಿನ ಪ್ಯಾಕೆಟ್ಟಿನ ಮೇಲಿರುವ ಸಣ್ಣ ಅಕ್ಷರಗಳನ್ನು ಎಂದಾದರೂ ಓದಿದ್ದೀರಾ? ಪಾಶ್ಚರೀಕರಿಸಿದ ಹಾಲು ಎಂದು ಅಲ್ಲಿ ಬರೆದಿರುತ್ತದೆ. ಲೂಯಿ ಪಾಶ್ಚರ್ ಎಂಬ ಫ್ರಾನ್ಸ್ ದೇಶದ ವಿಜ್ಞಾನಿ ಹಾಲು ಕೆಡದಂತೆ ಕಾಯಿಸುವ ವಿಧಾನವನ್ನು ಕಂಡುಹಿಡಿದ, ಆದ್ದರಿಂದ ಈ ಹೆಸರು ಬಂತು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿದ್ದೇವೆ. ಇದು ಅರ್ಧ ಮಾತ್ರ ನಿಜ. ಪಾಶ್ಚರ್ ಆ ವಿಧಾನವನ್ನು ರೂಪಿಸಿದ್ದು ಹಾಲಿಗಾಗಿ ಅಲ್ಲ, ವೈನಿಗಾಗಿ. ಅದನ್ನು ಹಾಲಿಗೆ ಬಳಸಬಹುದೆಂದು 1886ರಲ್ಲಿ ಸೂಚಿಸಿದವರು ಜರ್ಮನಿಯ ರಸಾಯನವಿಜ್ಞಾನಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್.

ಪಾಶ್ಚರ್ ಅವರ ಜೀವನವನ್ನು ಸಾಮಾನ್ಯವಾಗಿ ಹುಚ್ಚುನಾಯಿ ಕಡಿತದ ಲಸಿಕೆಯಿಂದ ಶುರುಮಾಡಿ ಹೇಳುತ್ತಾರೆ. ಆದರೆ ಅವರ ಅನೇಕ ದೊಡ್ಡ ವಿಚಾರಗಳು ಹುಟ್ಟಿದ್ದು, ಕೊನೆಗೆ ಕಠಿಣ ಪರೀಕ್ಷೆಗೆ ಒಳಗಾದದ್ದು, ಊರಿನ ಸಣ್ಣ ದ್ರಾಕ್ಷಿ ಬೆಳೆಗಾರರ ನೆಲಮಾಳಿಗೆಗಳಲ್ಲಿ ಮತ್ತು ತೋಟಗಳಲ್ಲಿ. ಬಳ್ಳಿ ಯಾವಾಗ ಚಿಗುರುತ್ತದೆ, ಕಾಯಿ ಯಾವಾಗ ಬಣ್ಣ ತಿರುಗುತ್ತದೆ ಎಂಬ ತೋಟದ ಲೆಕ್ಕಾಚಾರ ಅವರಿಗೆ ಗೊತ್ತಿರದಿದ್ದರೆ ಅವರ ಒಂದು ಮುಖ್ಯ ಪ್ರಯೋಗ ನಡೆಯುತ್ತಲೇ ಇರಲಿಲ್ಲ.

ಚರ್ಮ ಹದ ಮಾಡುವವರ ಮಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸಿನ ಜುರಾ ಸೀಮೆಯ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಂದವರು, ಚರ್ಮ ಹದ ಮಾಡುವುದು ಅವರ ಕಸುಬು. ಲೂಯಿ ಇನ್ನೂ ಚಿಕ್ಕವನಿದ್ದಾಗಲೇ ಕುಟುಂಬ ಹತ್ತಿರದ ಆರ್ಬ್ವಾ ಪಟ್ಟಣಕ್ಕೆ ಬಂದು ನೆಲೆಸಿತು. ಪಟ್ಟಣದ ನಡುವೆ ಹರಿಯುವ ಕ್ವಿಸಾನ್ಸ್ ನದಿಯ ದಡದಲ್ಲೇ ಅವರ ಮನೆ ಮತ್ತು ಕಾರ್ಖಾನೆ.

ಆರ್ಬ್ವಾದ ಸುತ್ತಲಿನ ಗುಡ್ಡದ ಇಳಿಜಾರುಗಳೆಲ್ಲ ದ್ರಾಕ್ಷಿ ತೋಟಗಳು. ಸಣ್ಣ ಸಣ್ಣ ಹಿಡುವಳಿ, ಮನೆಮಂದಿಯೇ ದುಡಿಮೆಗಾರರು, ಮನೆಯ ಕೆಳಗೇ ವೈನ್ ಪೀಪಾಯಿಗಳ ನೆಲಮಾಳಿಗೆ. ಲೂಯಿಯ ಶಾಲೆಯ ಗೆಳೆಯರಲ್ಲಿ ಇಂಥ ಮನೆಗಳ ಮಕ್ಕಳೂ ಇದ್ದರು. ಮುಂದೆ ಆ ಗೆಳೆತನ ವಿಜ್ಞಾನಕ್ಕೇ ಒದಗಿ ಬಂತು.

ಪ್ಯಾರಿಸ್ಸಿನಲ್ಲಿ ಓದು ಮುಗಿಸಿದ ಪಾಶ್ಚರ್ 25ನೆಯ ವಯಸ್ಸಿನಲ್ಲಿ ಮಾಡಿದ ಮೊದಲ ದೊಡ್ಡ ಸಂಶೋಧನೆಗೂ ವೈನಿಗೂ ನಂಟಿದೆ. ವೈನ್ ಪೀಪಾಯಿಯ ಒಳಗೋಡೆಗೆ ಹರಳಿನಂಥ ಗಟ್ಟಿ ಪದರವೊಂದು ಅಂಟಿಕೊಳ್ಳುತ್ತದೆ. ಟಾರ್ಟಾರಿಕ್ ಆಮ್ಲ ಸಿಗುವುದು ಅದರಿಂದಲೇ. ಇದೇ ಆಮ್ಲದ ಇನ್ನೊಂದು ರೂಪದಿಂದ ತಯಾರಿಸಿದ ಲವಣದಲ್ಲಿ ಎರಡು ಬಗೆಯ ಹರಳುಗಳಿವೆ, ಅವು ನಮ್ಮ ಎಡಗೈ ಬಲಗೈಗಳಂತೆ ಒಂದರ ಕನ್ನಡಿ ಬಿಂಬ ಇನ್ನೊಂದು ಎಂದು 1848ರಲ್ಲಿ ಅವರು ತೋರಿಸಿದರು. ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಹರಳುಗಳನ್ನು ಕೈಯಿಂದಲೇ ಒಂದೊಂದಾಗಿ ಬೇರ್ಪಡಿಸಿದ್ದರು.

ಹಣ್ಣಿನ ರಸ ವೈನ್ ಆಗುವುದು ಹೇಗೆ?

ಆಗಿನ ಕಾಲದಲ್ಲಿ ಇದಕ್ಕೆ ಸರ್ವಸಮ್ಮತ ಉತ್ತರವಿರಲಿಲ್ಲ. ರಸದಲ್ಲಿರುವ ಪದಾರ್ಥಗಳು ಕೊಳೆಯುವಾಗ ಸಕ್ಕರೆಯೂ ಒಡೆದು ಮದ್ಯಸಾರವಾಗುತ್ತದೆ, ಇದು ಬರಿಯ ರಾಸಾಯನಿಕ ಕ್ರಿಯೆ ಎಂದು ಜರ್ಮನಿಯ ಹೆಸರಾಂತ ರಸಾಯನವಿಜ್ಞಾನಿ ಲೀಬಿಗ್ ಹೇಳುತ್ತಿದ್ದರು. ಯೀಸ್ಟ್ ಒಂದು ಜೀವಿ ಎಂದು 1830ರ ದಶಕದಲ್ಲೇ ಕೆಲವರು ಗುರುತಿಸಿದ್ದರೂ ದೊಡ್ಡವರು ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

1854ರಲ್ಲಿ ಪಾಶ್ಚರ್ ಉತ್ತರ ಫ್ರಾನ್ಸಿನ ಲಿಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಬೀಟ್ ಗೆಡ್ಡೆಯಿಂದ ಮದ್ಯಸಾರ ತೆಗೆಯುವ ಉದ್ಯಮಿಯೊಬ್ಬರು, ತಮ್ಮ ಕೆಲವು ತೊಟ್ಟಿಗಳಲ್ಲಿ ರಸ ಹುಳಿಯಾಗಿ ಹಾಳಾಗುತ್ತಿದೆ ಎಂದು 1856ರಲ್ಲಿ ಅವರ ಬಳಿ ಬಂದರು. ಸರಿಯಾಗಿ ಹುದುಗಿದ ರಸದಲ್ಲಿ ದುಂಡನೆಯ ಯೀಸ್ಟ್ ಕೋಶಗಳು ಕಂಡವು. ಕೆಟ್ಟ ರಸದಲ್ಲಿ ಬೇರೆಯೇ ಆಕಾರದ, ಇನ್ನೂ ಸಣ್ಣ ಜೀವಿಗಳಿದ್ದವು. ಮುಂದಿನ ವರ್ಷಗಳಲ್ಲಿ ಪಾಶ್ಚರ್ ಇದನ್ನೇ ಬೆನ್ನಟ್ಟಿದರು. ಪ್ರತಿಯೊಂದು ಬಗೆಯ ಹುದುಗುವಿಕೆಗೂ ಅದರದೇ ಸೂಕ್ಷ್ಮಜೀವಿ ಕಾರಣ ಎಂಬ ತೀರ್ಮಾನಕ್ಕೆ ಬಂದರು. ಆ ಜೀವಿಗಳು ತಾವಾಗಿಯೇ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತವೆ ಎಂಬುದನ್ನು ಹಂಸದ ಕೊರಳಿನಂತೆ ಬಾಗಿದ ಗಾಜಿನ ಬುರುಡೆಗಳನ್ನು ಬಳಸಿ ತೋರಿಸಿದರು.

ಗೆಳೆಯರ ನೆಲಮಾಳಿಗೆಗಳಲ್ಲಿ

1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪಾಶ್ಚರ್ ಅವರಿಗೆ ಒಂದು ಕೆಲಸ ಒಪ್ಪಿಸಿದ. ಫ್ರಾನ್ಸಿನ ವೈನ್ ಪೀಪಾಯಿಯಲ್ಲೇ ಕೆಡುತ್ತಿತ್ತು, ಹೊರದೇಶಗಳಿಗೆ ಕಳುಹಿಸಿದ್ದು ದಾರಿಯಲ್ಲಿ ಹಾಳಾಗುತ್ತಿತ್ತು. ಕಾರಣ ಹುಡುಕಬೇಕಿತ್ತು. ಪಾಶ್ಚರ್ ನೇರವಾಗಿ ತಮ್ಮೂರು ಆರ್ಬ್ವಾಕ್ಕೆ ಹೋದರು.

1864ರ ಸುಗ್ಗಿಯ ಹೊತ್ತಿಗೆ ಊರಂಚಿನ ಹಳೆಯ ಕಾಫಿ ಅಂಗಡಿಯೊಂದು ಅವರ ಪ್ರಯೋಗಾಲಯವಾಯಿತು. ಗ್ಯಾಸ್ ಇರಲಿಲ್ಲ, ಇದ್ದಿಲು ಒಲೆಯೇ ಗತಿ. ಊರಿನ ಬಡಗಿ ಮತ್ತು ತಗಡಿನ ಕೆಲಸದವರು ಉಪಕರಣ ಮಾಡಿಕೊಟ್ಟರು. ಎಮಿಲ್ ಡ್ಯುಕ್ಲೋ ಮೊದಲಾದ ಶಿಷ್ಯರು ಜೊತೆಗಿದ್ದರು. ಶಾಲೆಯ ಹಳೆಯ ಗೆಳೆಯರು ತಮ್ಮ ನೆಲಮಾಳಿಗೆಯ ಬಾಗಿಲು ತೆರೆದು ಒಳ್ಳೆಯ ವೈನನ್ನೂ ಕೆಟ್ಟ ವೈನನ್ನೂ ಕೊಟ್ಟರು.

ಬೆಳೆಗಾರರು ರುಚಿ ನೋಡಿ ರೋಗ ಹೇಳುತ್ತಿದ್ದರು. ಒಂದು ಹುಳಿಯಾಗಿದೆ, ಒಂದು ಕಹಿಯಾಗಿದೆ, ಇನ್ನೊಂದು ಎಣ್ಣೆಯಂತೆ ಲೋಳೆಯಾಗಿದೆ. ಪಾಶ್ಚರ್ ಅದೇ ವೈನಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಪ್ರತಿ ರೋಗಕ್ಕೂ ಅದರದೇ ಜೀವಿ ಕಾಣುತ್ತಿತ್ತು. ಸ್ವಲ್ಪ ದಿನಗಳಲ್ಲಿ ಅವರು ರುಚಿ ನೋಡದೆಯೇ ಯಾವ ವೈನಿಗೆ ಯಾವ ಕೆಡುಕು ತಗಲಿದೆ ಎಂದು ಹೇಳಬಲ್ಲವರಾದರು.

ತಲೆಮಾರುಗಳಿಂದ ನಡೆದುಬಂದ ಪದ್ಧತಿಗಳ ಹಿಂದಿನ ಕಾರಣಗಳೂ ಆಗ ಬೆಳಕಿಗೆ ಬಂದವು. ಪೀಪಾಯಿಯಲ್ಲಿನ ವೈನ್ ಮರದ ಮೂಲಕ ಆವಿಯಾಗಿ ನಿಧಾನಕ್ಕೆ ಇಳಿಯುತ್ತದೆ. ಅದಕ್ಕೆ ಆಗಾಗ ವೈನ್ ಸುರಿದು ಬಾಯಿಯವರೆಗೂ ತುಂಬಿಸುವುದು ಹೆಚ್ಚಿನ ಕಡೆಯ ರೂಢಿ. ಏಕೆ? ಖಾಲಿ ಜಾಗದಲ್ಲಿ ಗಾಳಿ ಸೇರಿದರೆ ವಿನಿಗರ್ ಮಾಡುವ ಬ್ಯಾಕ್ಟೀರಿಯಾ ಮೇಲ್ಭಾಗದಲ್ಲಿ ಕೆನೆಯಂತೆ ಬೆಳೆದು ವೈನನ್ನು ಹುಳಿಮಾಡುತ್ತವೆ. ಚಳಿಗಾಲದ ಕೊನೆಯಲ್ಲಿ, ತಳದ ಗಸಿ ಕದಡದಂತೆ, ವೈನನ್ನು ಇನ್ನೊಂದು ಪೀಪಾಯಿಗೆ ಬಸಿಯುತ್ತಾರೆ. ಏಕೆ? ಗಸಿಯಲ್ಲಿ ಕೆಡಿಸುವ ಜೀವಿಗಳೂ ಇರುತ್ತವೆ, ಬೇಸಿಗೆಯ ಬಿಸಿ ತಾಗಿದರೆ ಅವು ಹೆಚ್ಚುತ್ತವೆ.

ಆರ್ಬ್ವಾದ ಹಳದಿ ವೈನ್ ಮಾತ್ರ ಈ ನಿಯಮಕ್ಕೆ ಹೊರತಾಗಿತ್ತು. ಅದರ ಪೀಪಾಯಿಯನ್ನು ಬೇಕೆಂದೇ ತುಂಬಿಸದೆ ವರ್ಷಗಟ್ಟಲೆ ಬಿಡುತ್ತಾರೆ. ಮೇಲೆ ಕೆನೆ ಕಟ್ಟುತ್ತದೆ, ಆದರೂ ವೈನ್ ಕೆಡುವುದಿಲ್ಲ. ಆ ಕೆನೆ ವಿನಿಗರ್ ಬ್ಯಾಕ್ಟೀರಿಯಾದ್ದಲ್ಲ, ಒಂದು ಬಗೆಯ ಯೀಸ್ಟಿನದು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪೊರೆಗಳಲ್ಲಿ ಒಂದು ಕಾಯುತ್ತದೆ, ಇನ್ನೊಂದು ಕೆಡಿಸುತ್ತದೆ.

ಕುದಿಸದೆ ಕಾಯಿಸುವುದು

ಕೆಡಿಸುವ ಜೀವಿಗಳನ್ನು ಕೊಲ್ಲುವುದು ಹೇಗೆ? ಕುದಿಸಿದರೆ ವೈನಿನ ರುಚಿಯೇ ಹೋಗುತ್ತದೆ. ಮುಚ್ಚಿದ ಬಾಟಲಿಯಲ್ಲಿ, ಗಾಳಿ ತಾಗದಂತೆ, 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಕಾಯಿಸಿದರೆ ಸಾಕು ಎಂದು ಪಾಶ್ಚರ್ ಕಂಡುಕೊಂಡರು. ವೈನಿನಲ್ಲಿ ಆಮ್ಲವೂ ಮದ್ಯಸಾರವೂ ಇರುವುದರಿಂದ ಅಷ್ಟು ಬಿಸಿಯೇ ಆ ಜೀವಿಗಳಿಗೆ ಮಾರಕ. 1865ರ ಏಪ್ರಿಲ್‌ನಲ್ಲಿ ಪೇಟೆಂಟ್ ಪಡೆದರು, ಆದರೆ ಅದರಿಂದ ಹಣ ಮಾಡದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಕಾಯಿಸಿದ ವೈನಿಗೆ ರುಚಿಯಿರುವುದಿಲ್ಲ ಎಂದು ವ್ಯಾಪಾರಿಗಳು ತಕರಾರು ತೆಗೆದರು. ಪರಿಣತ ರುಚಿಗಾರರನ್ನೇ ಕರೆಸಿ ಪರೀಕ್ಷೆ ನಡೆಸಲಾಯಿತು. ಒಮ್ಮೆ ಪಾಶ್ಚರ್ ಅವರಿಗೆ ಹೇಳದೆ ಎರಡೂ ಲೋಟಗಳಲ್ಲಿ ಒಂದೇ ವೈನ್ ಇಟ್ಟರು. ಆಗಲೂ ಅವರಿಗೆ ವ್ಯತ್ಯಾಸ ತೋರಿತು! ನಾಲಿಗೆಗಿಂತ ಮೊದಲು ಮನಸ್ಸು ರುಚಿ ನೋಡುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಫ್ರಾನ್ಸಿನ ನೌಕಾಪಡೆಯೂ ಪರೀಕ್ಷಿಸಿತು. ಕಾಯಿಸಿದ ಮತ್ತು ಕಾಯಿಸದ ವೈನನ್ನು ಹಡಗಿನಲ್ಲಿ ಒಯ್ದು ಹತ್ತು ತಿಂಗಳ ನಂತರ ಮರಳಿ ತಂದಾಗ ಕಾಯಿಸಿದ್ದು ಚೆನ್ನಾಗಿತ್ತು, ಕಾಯಿಸದ್ದು ಹುಳಿಯತ್ತ ತಿರುಗಿತ್ತು.

ಬಿಸಿಯಿಂದ ಆಹಾರವನ್ನು ಕಾಪಾಡಿದವರಲ್ಲಿ ಪಾಶ್ಚರ್ ಮೊದಲಿಗರಲ್ಲ. ಫ್ರಾನ್ಸಿನವರೇ ಆದ ನಿಕೊಲಾ ಅಪೇರ್ ದಶಕಗಳ ಹಿಂದೆಯೇ ಬಾಟಲಿಗಳಲ್ಲಿ ಆಹಾರ ತುಂಬಿ ಕಾಯಿಸಿ ಇಡುತ್ತಿದ್ದರು. ಜಪಾನಿನಲ್ಲಿ ಅಕ್ಕಿಯ ಮದ್ಯವಾದ ಸಾಕೆಯನ್ನು ಹದವಾಗಿ ಬಿಸಿಮಾಡುವ ಪದ್ಧತಿ ಇನ್ನೂ ಹಳೆಯದು. ಪಾಶ್ಚರ್ ಹೊಸದಾಗಿ ಕೊಟ್ಟದ್ದು ಕಾರಣವನ್ನು: ಯಾವ ಜೀವಿ, ಎಷ್ಟು ಬಿಸಿ, ಏಕೆ ಎಂಬುದನ್ನು.

ತೋಟದ ಒಂದು ವರ್ಷ

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಇಡ್ಲಿ ಹಿಟ್ಟಿಗೆ ನಾವು ಯೀಸ್ಟ್ ಹಾಕುವುದಿಲ್ಲ, ಉದ್ದು ಅಕ್ಕಿಗಳ ಜೊತೆ ಬಂದ ಸೂಕ್ಷ್ಮಜೀವಿಗಳೇ ಅದನ್ನು ಉಬ್ಬಿಸುತ್ತವೆ. ಹಾಗೆಯೇ ಆಗಿನ ವೈನಿಗೂ ಯಾರೂ ಯೀಸ್ಟ್ ಹಾಕುತ್ತಿರಲಿಲ್ಲ. ಹಣ್ಣು ತುಳಿದು ಬಿಟ್ಟರೆ ಎರಡು ಮೂರು ದಿನದಲ್ಲಿ ರಸ ನೊರೆಯೇಳುತ್ತಿತ್ತು. ಹಾಗಾದರೆ ಯೀಸ್ಟ್ ಬಂದದ್ದು ಎಲ್ಲಿಂದ? ಹಣ್ಣಿನ ಒಳಗಿನಿಂದಲೋ, ಹೊರಗಿನಿಂದಲೋ?

ಉತ್ತರ ಹುಡುಕಲು ತೋಟದ ವರ್ಷವನ್ನು ಅರಿಯಬೇಕು. ನಮ್ಮ ವಿಜಯಪುರದ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಚಳಿ ಹೆಚ್ಚಿರುವ ಜುರಾದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುವುದರಿಂದ ಚಳಿಗಾಲದಲ್ಲಿ ಒಂದೇ ಬಾರಿ ಸವರುತ್ತಾರೆ. ಯಾವ ಕಡ್ಡಿ ಉಳಿಸಬೇಕು, ಎಷ್ಟು ಕಣ್ಣು ಬಿಡಬೇಕು ಎಂಬುದರ ಮೇಲೆ ಆ ವರ್ಷದ ಬೆಳೆ ನಿಂತಿದೆ. ಮಾರ್ಚ್ ಹೊತ್ತಿಗೆ ಉಳಿದ ಕಡ್ಡಿಗಳನ್ನು ಬಗ್ಗಿಸಿ ಕಟ್ಟುತ್ತಾರೆ. ಏಪ್ರಿಲ್‌ನಲ್ಲಿ ಚಿಗುರು. ಮೇ ತಿಂಗಳ ನಡುವಿನವರೆಗೂ ಒಂದು ರಾತ್ರಿಯ ಹಿಮ ಇಡೀ ವರ್ಷದ ದುಡಿಮೆಯನ್ನು ಸುಟ್ಟುಹಾಕಬಲ್ಲದು. ಜೂನ್‌ನಲ್ಲಿ ಹೂವು, ಜುಲೈನಲ್ಲಿ ಗಟ್ಟಿಯಾದ ಹಸಿರು ಕಾಯಿ, ಆಗಸ್ಟ್‌ನಲ್ಲಿ ಕಾಯಿ ಮೆತ್ತಗಾಗಿ ಬಣ್ಣ ತಿರುಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಸುಗ್ಗಿ.

ಆರ್ಬ್ವಾದ ಹತ್ತಿರ ಪಾಶ್ಚರ್ ತಮ್ಮದೇ ಒಂದು ಸಣ್ಣ ತೋಟವನ್ನೂ ಕೊಂಡಿದ್ದರು. 1870ರ ದಶಕದ ಪ್ರಯೋಗಗಳಲ್ಲಿ ಅವರು ಹಣ್ಣಿನ ಸಿಪ್ಪೆಯನ್ನು ಕುಂಚದಿಂದ ತೊಳೆದು ಆ ನೀರನ್ನು ಪರೀಕ್ಷಿಸಿದರು. ತೊಳೆದ ನೀರನ್ನು ಕುದಿಸಿ ಆರಿಸಿದ ರಸಕ್ಕೆ ಬೆರೆಸಿದರೆ ರಸ ಹುದುಗುತ್ತಿತ್ತು. ಸೂಜಿಯಂಥ ಗಾಜಿನ ನಳಿಗೆಯಿಂದ ಹಣ್ಣಿನ ಒಳಗಿನ ರಸವನ್ನಷ್ಟೇ ಎಳೆದು ಬೆರೆಸಿದರೆ ಹುದುಗುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ತಿಳಿಯಿತು. ಎಳೆಯ ಹಸಿರು ಕಾಯಿಗಳ ಮೇಲೆ ಯೀಸ್ಟ್ ಸಿಗುವುದಿಲ್ಲ, ಹಣ್ಣಾಗುವ ಕಾಲಕ್ಕೆ ಅದು ಬಂದು ಸೇರುತ್ತದೆ.

ತೀರಿಹೋದ ಗೆಳೆಯನೊಂದಿಗೆ ವಾದ

1878ರ ಫೆಬ್ರವರಿಯಲ್ಲಿ ಫ್ರಾನ್ಸಿನ ಮಹಾ ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್ ತೀರಿಕೊಂಡರು. ಅವರು ಪಾಶ್ಚರ್ ಅವರಿಗೆ ಬೇಕಾದವರು, ಹಿಂದೆ ಇಬ್ಬರೂ ಕೂಡಿ ಪ್ರಯೋಗ ಮಾಡಿದ್ದರು. ಬರ್ನಾರ್ ಕೂಡ ದ್ರಾಕ್ಷಿ ಬೆಳೆಗಾರರ ಮನೆಯವರೇ. ಪ್ರತಿ ಸುಗ್ಗಿಗೂ ಬೋಜೊಲೆ ಸೀಮೆಯ ತಮ್ಮ ಹಳ್ಳಿಗೆ ಹೋಗುತ್ತಿದ್ದರು. ತಮ್ಮ ಕೊನೆಯ ಸುಗ್ಗಿಯಲ್ಲಿ ಅಲ್ಲೇ ಕೆಲವು ಪ್ರಯೋಗ ಮಾಡಿ ಟಿಪ್ಪಣಿ ಬರೆದಿಟ್ಟಿದ್ದರು. ಜುಲೈ 20ರಂದು ರಸಾಯನವಿಜ್ಞಾನಿ ಮಾರ್ಸೆಲಿನ್ ಬರ್ತಲೋ ಆ ಟಿಪ್ಪಣಿಗಳನ್ನು ಪ್ರಕಟಿಸಿದರು.

ಮದ್ಯಸಾರ ಉಂಟಾಗಲು ಯೀಸ್ಟಿನ ಜೀವ ಬೇಕಾಗಿಲ್ಲ, ಹಣ್ಣಾಗಿ ಕೊಳೆಯುವ ರಸದಲ್ಲೇ ಕರಗಿದ ಒಂದು ವಸ್ತು ಆ ಕೆಲಸ ಮಾಡುತ್ತದೆ, ಯೀಸ್ಟ್ ಕೂಡ ಆ ರಸದಲ್ಲೇ ಹುಟ್ಟಬಹುದು ಎಂಬ ವಿಚಾರ ಅವುಗಳಲ್ಲಿತ್ತು. ಪಾಶ್ಚರ್ ಅವರಿಗೆ ಇದು ದೊಡ್ಡ ಪೆಟ್ಟು. ಅವರ ಮಟ್ಟಿಗೆ ಇದು ವೈನಿನ ಮಾತಷ್ಟೇ ಆಗಿರಲಿಲ್ಲ. ಆ ಹೊತ್ತಿಗೆ ಅವರು ಮನುಷ್ಯರ, ಪ್ರಾಣಿಗಳ ರೋಗಗಳಿಗೂ ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳೇ ಕಾರಣ ಎಂದು ವಾದಿಸುತ್ತಿದ್ದರು. ಯೀಸ್ಟ್ ಹಣ್ಣಿನೊಳಗೆ ತಾನಾಗಿ ಹುಟ್ಟುವುದಾದರೆ, ರೋಗಾಣುವೂ ದೇಹದೊಳಗೆ ತಾನಾಗಿ ಹುಟ್ಟಬಹುದಲ್ಲವೇ? ಸೋಂಕು ತಡೆಯುವ ವಿಚಾರವೆಲ್ಲ ಕುಸಿದು ಬೀಳುತ್ತಿತ್ತು. ಅವರ ಮೂವರು ಹೆಣ್ಣುಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡಿದ್ದರು, ಅವರಲ್ಲಿ ಇಬ್ಬರು ಟೈಫಾಯ್ಡ್‌ನಿಂದ.

ಗಾಜಿನ ಮನೆಯೊಳಗಿನ ಬಳ್ಳಿ

ಟಿಪ್ಪಣಿ ಪ್ರಕಟವಾದದ್ದು ಜುಲೈ ಕೊನೆಯ ಭಾಗದಲ್ಲಿ. ಪಾಶ್ಚರ್ ಲೆಕ್ಕ ಹಾಕಿದರು. ಜುರಾದಲ್ಲಿ ಕಾಯಿ ಇನ್ನೂ ಹಸಿರು, ಯೀಸ್ಟ್ ಇನ್ನೂ ಬಂದಿಲ್ಲ. ಆದರೆ ಕೆಲವೇ ದಿನಗಳಲ್ಲಿ ಬರುತ್ತದೆ. ಈಗ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಬೇಗಬೇಗನೆ ಗಾಜಿನ ಮನೆಗಳನ್ನು ಮಾಡಿಸಿ ಆರ್ಬ್ವಾಕ್ಕೆ ಸಾಗಿಸಿದರು. ಆಗ ಅವರಿಗೆ 55 ವರ್ಷ. ಹತ್ತು ವರ್ಷದ ಹಿಂದೆ ಹೊಡೆದ ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಪೂರ್ತಿ ಸ್ವಾಧೀನದಲ್ಲಿರಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ತೋಟದ ಕೆಲವು ಬಳ್ಳಿಗಳು ಗಾಜಿನೊಳಗೆ ಸೇರಿದವು. ಉಳಿದವು ಎಂದಿನಂತೆ ಬಯಲಿನಲ್ಲೇ ಇದ್ದವು. ಗಾಜಿನ ಮನೆಯೊಳಗಿನ ಕೆಲವು ಗೊಂಚಲುಗಳಿಗೆ ಹೆಚ್ಚಿನ ಕಾವಲಾಗಿ, ಬಿಸಿಯಿಂದ ಶುದ್ಧಗೊಳಿಸಿದ ಹತ್ತಿಯನ್ನು ಸುತ್ತಿದರು. ಆಮೇಲೆ ಮಾಡಲು ಏನೂ ಇರಲಿಲ್ಲ, ಹಣ್ಣಾಗುವವರೆಗೆ ಕಾಯುವುದಷ್ಟೇ.

ಅಕ್ಟೋಬರ್‌ನಲ್ಲಿ ಎರಡೂ ಕಡೆಯ ಹಣ್ಣುಗಳನ್ನು ಹಿಸುಕಿ ಬೆಚ್ಚಗಿಟ್ಟರು. ಬಯಲಿನ ಹಣ್ಣಿನ ರಸ ಸುಮಾರು ಎರಡು ದಿನದಲ್ಲಿ ನೊರೆಯೇಳತೊಡಗಿತು. ಹತ್ತಿ ಸುತ್ತಿದ ಗೊಂಚಲಿನ ರಸ ಹುದುಗಲೇ ಇಲ್ಲ. ಗಾಜಿನ ಮನೆಯೊಳಗೆ ಹತ್ತಿ ಸುತ್ತದೆ ಬಿಟ್ಟ ಗೊಂಚಲುಗಳದೂ ಅಷ್ಟೇ. ಗಾಜಿನೊಳಗಿನ ಬಿಸಿಗೆ ಹಣ್ಣೇ ಬೇರೆ ತರಹ ಆಗಿರಬಹುದು ಎಂದು ಯಾರಾದರೂ ಹೇಳಬಹುದಿತ್ತು. ಅದಕ್ಕೂ ಪಾಶ್ಚರ್ ಬಳಿ ಉತ್ತರವಿತ್ತು. ಗಾಜಿನ ಮನೆಯ ಗೊಂಚಲುಗಳನ್ನು ತಂದು ಬಯಲಿನ ಬಳ್ಳಿಗಳಿಗೆ ತೂಗುಹಾಕಿದರು. ಕೆಲವು ದಿನ ಬಿಟ್ಟು ಹಿಸುಕಿದಾಗ ಅವೂ ಹುದುಗಿದವು. ಹಣ್ಣು ಅದೇ, ಬದಲಾದದ್ದು ಹೊರಗಿನ ಸಂಪರ್ಕ ಮಾತ್ರ.

ಹತ್ತಿ ಸುತ್ತಿದ ಕೆಲವು ಗೊಂಚಲುಗಳನ್ನು ಪ್ಯಾರಿಸ್ಸಿಗೂ ಒಯ್ದರು. ಅವು ಜಜ್ಜಿಹೋಗದಂತೆ ಪತ್ನಿ ಮಾರಿ ಮತ್ತು ಮಗಳು ರೈಲಿನಲ್ಲಿ ದಾರಿಯುದ್ದಕ್ಕೂ ಕೈಯಲ್ಲೇ ನೆಟ್ಟಗೆ ಹಿಡಿದುಕೊಂಡು ಬಂದರು. ವಿಜ್ಞಾನ ಅಕಾಡೆಮಿಯ ಮುಂದೆ ಅವನ್ನಿಟ್ಟು, ಬೇಕಾದವರು ಹಿಸುಕಿ ನೋಡಬಹುದು ಎಂದು ಪಾಶ್ಚರ್ ಸವಾಲು ಹಾಕಿದರು.

ಗೆದ್ದವರು ಯಾರು?

ಯೀಸ್ಟ್ ಹೊರಗಿನಿಂದ ಬರುತ್ತದೆ ಎಂಬ ವಿಷಯದಲ್ಲಿ ಪಾಶ್ಚರ್ ಅವರದೇ ಗೆಲುವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟು ಲೋಕಪ್ರಸಿದ್ಧರಾದರು, 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ, 1897ರಲ್ಲಿ, ಜರ್ಮನಿಯ ಎಡುವಾರ್ಡ್ ಬುಕ್ನರ್ ಯೀಸ್ಟ್ ಕೋಶಗಳನ್ನು ಅರೆದು, ಹಿಂಡಿ, ಜೀವವಿಲ್ಲದ ರಸ ತೆಗೆದರು. ಆ ರಸವೂ ಸಕ್ಕರೆಯನ್ನು ಮದ್ಯಸಾರವಾಗಿಸಿತು! ಕೆಲಸ ಮಾಡುವುದು ಯೀಸ್ಟ್ ತಯಾರಿಸುವ ಕಿಣ್ವಗಳು, ಅವುಗಳಿಗೆ ಯೀಸ್ಟ್ ಬದುಕಿರಲೇಬೇಕೆಂದಿಲ್ಲ. ಕರಗಿದ ವಸ್ತುವೊಂದು ಈ ಕೆಲಸ ಮಾಡುತ್ತದೆ ಎಂಬ ಬರ್ನಾರ್ ಅವರ ಊಹೆಯಲ್ಲೂ ಹುರುಳಿತ್ತು. ಆದರೆ ಅದು ಹಣ್ಣಿನದಲ್ಲ, ಯೀಸ್ಟಿನದು. ಬುಕ್ನರ್ ಅವರಿಗೆ 1907ರ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ದ್ರಾಕ್ಷಿಯ ಮೇಲಿನ ಬಿಳಿ ಪುಡಿ ಯೀಸ್ಟ್ ಅಲ್ಲವೇ?

ಅಲ್ಲ. ಕಪ್ಪು ದ್ರಾಕ್ಷಿಯ ಮೇಲೆ ಬೂದಿ ಸವರಿದಂತೆ ಕಾಣುವುದು ಹಣ್ಣೇ ಮಾಡಿಕೊಳ್ಳುವ ಮೇಣ. ನೀರು ಆರದಂತೆ ಅದು ಹಣ್ಣನ್ನು ಕಾಯುತ್ತದೆ. ಅದು ಯೀಸ್ಟ್ ಎಂಬ ನಂಬಿಕೆ ಇಂದಿಗೂ ಚಾಲ್ತಿಯಲ್ಲಿದೆ. ಸಿಪ್ಪೆಯ ಮೇಲೆ ಹಲವು ಬಗೆಯ ಸೂಕ್ಷ್ಮಜೀವಿಗಳಿರುವುದು ನಿಜ, ಆದರೆ ಅವು ಬರಿಗಣ್ಣಿಗೆ ಕಾಣುವುದಿಲ್ಲ. ವೈನ್ ಮಾಡುವ ಮುಖ್ಯ ಯೀಸ್ಟ್ ಗಾಯವಿಲ್ಲದ ಹಣ್ಣಿನ ಮೇಲೆ ತೀರಾ ಅಪರೂಪ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅದು ಸಾವಿರ ಗಟ್ಟಿ ಹಣ್ಣುಗಳಲ್ಲಿ ಸುಮಾರು ಒಂದರ ಮೇಲೆ ಇರುತ್ತದೆ, ಒಡೆದ ಹಣ್ಣುಗಳಲ್ಲಾದರೆ ನಾಲ್ಕರಲ್ಲಿ ಒಂದರ ಮೇಲೆ. ಚಳಿಗಾಲದಲ್ಲಿ ಈ ಯೀಸ್ಟ್ ಕಣಜಗಳ ಹೊಟ್ಟೆಯಲ್ಲಿ ಬದುಕಿ ಉಳಿಯಬಲ್ಲದು, ತಾಯಿ ಕಣಜದಿಂದ ಮರಿಗಳಿಗೂ ದಾಟಬಲ್ಲದು ಎಂದು ಇಟಲಿಯ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಹಣ್ಣಾದ ಮೇಲೆಯೇ ಯೀಸ್ಟ್ ಏಕೆ ಬರುತ್ತದೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ: ಸಿಹಿಯಾದ ಹಣ್ಣನ್ನು ಕಚ್ಚಲು ಕಣಜಗಳು ಬರುವುದು ಆಗಲೇ.

ಕೊನೆಗೆ ಆರೋಗ್ಯದ ಒಂದು ಮಾತು. ವೈನ್ ಅತ್ಯಂತ ಆರೋಗ್ಯಕರ ಪಾನೀಯ ಎಂದು ಪಾಶ್ಚರ್ ನಂಬಿದ್ದರು, ಇದನ್ನು ಇಂದಿಗೂ ಜಾಹೀರಾತಿನಂತೆ ಹಂಚುವವರಿದ್ದಾರೆ. ಅದು ಕುಡಿಯುವ ನೀರಿನಿಂದಲೇ ಕಾಲರಾ, ಟೈಫಾಯ್ಡ್ ಹರಡುತ್ತಿದ್ದ ಕಾಲದ ಮಾತು. ಮದ್ಯದ ಯಾವ ಪ್ರಮಾಣವೂ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪಾಶ್ಚರ್ ಅವರಿಂದ ಕಲಿಯಬೇಕಾದದ್ದು ವೈನ್ ಕುಡಿಯುವುದನ್ನಲ್ಲ. ಗೊಂಚಲನ್ನು ಗಾಜಿನ ಮನೆಯಿಂದ ತಂದು ಬಯಲಿಗೆ ತೂಗುಹಾಕಿದರಲ್ಲ, ಅದನ್ನು. ತಮ್ಮ ವಾದ ಗೆದ್ದಂತೆ ಕಂಡಮೇಲೂ ಅದು ಸೋಲಬಹುದಾದ ಇನ್ನೊಂದು ದಾರಿಯನ್ನು ಅವರೇ ಹುಡುಕಿ ಪರೀಕ್ಷಿಸಿದರು.